ಪ್ರ: ಬೋಸ್ನಿಯಾದ ವಾಹಿದ್ ಹಲಿಲ್‌ಹೋಜಿಚ್ ಫುಟ್‌ಬಾಲ್ ವಿಶ್ವಕಪ್‌ನಲ್ಲಿ ಎಷ್ಟು ತಂಡಗಳಿಗೆ ಕೋಚ್ ಆಗಿದ್ದರು?

ಒಂದೇ ತಂಡಕ್ಕೆ, 2014ರಲ್ಲಿ ಅಲ್ಜೀರಿಯಕ್ಕೆ. ಗೊಂದಲ ಆಗುವುದು ಸಹಜ, ಏಕೆಂದರೆ ಅವರು ಅರ್ಹತೆ ಗಳಿಸಿಕೊಟ್ಟದ್ದು ನಾಲ್ಕು ತಂಡಗಳಿಗೆ. ಉಳಿದ ಮೂರೂ ತಂಡಗಳು ಟೂರ್ನಿಗೆ ಮೊದಲೇ ಅವರನ್ನು ಕೈಬಿಟ್ಟವು: ಆಫ್ರಿಕಾ ಕಪ್‌ನ ಕ್ವಾರ್ಟರ್‌ಫೈನಲ್‌ನಲ್ಲಿ ಸೋತ ಮೇಲೆ 2010ರಲ್ಲಿ ಐವರಿ ಕೋಸ್ಟ್ (ಅಂದು ಸೋಲಿಸಿದ್ದು ಅಲ್ಜೀರಿಯವೇ!), 2018ರ ಏಪ್ರಿಲ್‌ನಲ್ಲಿ ಜಪಾನ್, 2022ರ ಆಗಸ್ಟ್‌ನಲ್ಲಿ ಮೊರಾಕೊ. ಮೊರಾಕೊದಲ್ಲಿ ತಂಡದ ತಾರೆ ಹಕೀಂ ಝಿಯೆಶ್ ಜೊತೆಗಿನ ಜಗಳವೇ ದೊಡ್ಡ ಸುದ್ದಿಯಾಗಿತ್ತು.

ಅಲ್ಜೀರಿಯ ಮಾತ್ರ ದಕ್ಷಿಣ ಕೊರಿಯಾವನ್ನು 4-2ರಿಂದ ಮಣಿಸಿ ಕೊನೆಯ 16 ತಂಡಗಳ ಘಟ್ಟ ತಲುಪಿತು. ಅಲ್ಲಿ ಜರ್ಮನಿ ಗೆಲ್ಲಲು ಹೆಚ್ಚುವರಿ ಸಮಯ ಬೇಕಾಯಿತು, 2-1.

ಆಟಗಾರನಾಗಿಯೂ ಅವರನ್ನು ಮರೆಯಬಾರದು. ಬೋಸ್ನಿಯಾದ ಮೊಸ್ತಾರ್‌ನ ವೆಲೆಝ್ ಕ್ಲಬ್‌ನಿಂದ ಫ್ರಾನ್ಸ್‌ನ ನಾಂತ್ ಕ್ಲಬ್‌ಗೆ ಹೋದ ಈ ಸ್ಟ್ರೈಕರ್, 1983 ಮತ್ತು 1985ರಲ್ಲಿ ಫ್ರೆಂಚ್ ಲೀಗ್‌ನ ಗರಿಷ್ಠ ಗೋಲುಗಾರ.