ಬಾಲದ ಫಿನ್ ಬಾಗಿದ್ರೆ ಒಳ್ಳೇದಾ?

ಪ್ರಶ್ನೆ: ಸರ್, ವಿಮಾನದ ಬಾಲದಲ್ಲಿ ನೆಟ್ಟಗೆ ನಿಂತಿರೋ ಫಿನ್ ಜೋರಾಗಿ ಹಾರುವಾಗ ಬಾಗುತ್ತೆ ಅಂತ ಓದಿದೆ. ಬಾಗದೇ ಇರೋ ಹಾಗೆ ದಪ್ಪಗೆ ಮಾಡಬಹುದಲ್ವಾ? ಏರೋಎಲಾಸ್ಟಿಕ್ ಟೈಲರಿಂಗ್ ಅಂದ್ರೆ ಏನು?
– ಇಂಜಿನಿಯರಿಂಗ್ ವಿದ್ಯಾರ್ಥಿನಿ, ದಾವಣಗೆರೆ

ಉತ್ತರ: ಮಾಡಬಹುದು, ಆದ್ರೆ ತೂಕ ಏರುತ್ತೆ, ಅದೂ ವಿಮಾನದ ತೀರಾ ಹಿಂದಿನ ತುದಿಯಲ್ಲಿ, ಗುರುತ್ವ ಕೇಂದ್ರವನ್ನ ಹಿಂದಕ್ಕೆ ಎಳೆಯೋ ಜಾಗದಲ್ಲಿ. ಅದಕ್ಕೇ ಯಾರೂ ಅಷ್ಟು ಸುಲಭಕ್ಕೆ ಒಪ್ಪಲ್ಲ.

ಜೆಟ್ ವಿಮಾನಗಳ ಫಿನ್ ಹಿಂದಕ್ಕೆ ವಾಲಿರುತ್ತೆ ನೋಡಿ, ಪಕ್ಕದಿಂದ ಗಾಳಿ ಒತ್ತಿದಾಗ ಅದು ಬಾಗುತ್ತೆ, ವಾಲಿರೋದ್ರಿಂದ ಬಾಗ್ತಾ ಬಾಗ್ತಾ ತುದಿಯ ಭಾಗ ಗಾಳಿಗೆ ಕೊಡೋ ಕೋನ ಕಮ್ಮಿಯಾಗುತ್ತೆ, ಅಂದ್ರೆ ಮೂತಿಯನ್ನ ನೇರಕ್ಕೆ ತರಬೇಕಾದ ಬಲ, ವೇಗ ಜಾಸ್ತಿ ಇರುವಾಗ್ಲೇ, ಲೆಕ್ಕ ಹಾಕಿದಷ್ಟು ಸಿಗಲ್ಲ. ಫಿನ್ ದೊಡ್ಡದು ಮಾಡೋದು ಇದಕ್ಕೆ ಹಳೇ ಉಪಾಯ.

ಕಾರ್ಬನ್ ಫೈಬರ್ ಬಂದ್ಮೇಲೆ ಬೇರೆ ದಾರಿ ಸಿಕ್ತು. ಅಡಿಕೆ ದಬ್ಬೆ ಉದ್ದಕ್ಕೆ ಎಷ್ಟು ಗಟ್ಟಿ, ಅಡ್ಡಕ್ಕೆ ಎಷ್ಟು ಬೇಗ ಸೀಳುತ್ತೆ, ಕಾರ್ಬನ್ ಪದರವೂ ಹಾಗೇ, ನಾರಿನ ದಿಕ್ಕಲ್ಲಿ ಮಾತ್ರ ಬಿಗಿ. ಪದರಗಳನ್ನ ಫಿನ್ನಿನ ಉದ್ದಕ್ಕೆ ಸರಿಯಾಗಿ ಇಡದೆ ಸ್ವಲ್ಪ ಹಿಂಚೂಣಿ (ಫಿನ್ನಿನ ಹಿಂದಿನ ಅಂಚು) ಕಡೆಗೆ ಓರೆ ಮಾಡಿ ಕೂರಿಸಿದ್ರೆ, ಬಾಗುವಾಗ ಮುಂಚೂಣಿ (ಮುಂದಿನ ಅಂಚು) ಹೆಚ್ಚು ಸರಿಯುತ್ತೆ, ಫಿನ್ ತಾನಾಗೇ ತಿರುಚಿ ಗಾಳಿಗೆ ಕೋನ ಜಾಸ್ತಿ ಕೊಡುತ್ತೆ. ಕಳ್ಕೊಂಡ ಬಲ ವಾಪಸ್, ಫಿನ್ ಚಿಕ್ಕದಿದ್ರೂ ನಡೆಯುತ್ತೆ! ಹೀಗೆ ಬಾಗೋದು, ತಿರುಚೋದನ್ನ ನಮಗೆ ಬೇಕಾದ ಹಾಗೆ ಹೊಂದಿಸೋದೇ ಏರೋಎಲಾಸ್ಟಿಕ್ ಟೈಲರಿಂಗ್. ನನಗಂತೂ ಇಡೀ ವಿಮಾನಶಾಸ್ತ್ರದಲ್ಲಿ ಇಷ್ಟು ಚಂದದ ಐಡಿಯಾ ಕಮ್ಮಿ. ಆದ್ರೆ ಓರೆ ಜಾಸ್ತಿಯಾದ್ರೆ ತಿರುಚು ಬಲವನ್ನ, ಬಲ ತಿರುಚನ್ನ ಬೆಳೆಸ್ತಾ ಹೋಗಿ ಫಿನ್ ಮುರಿದೇ ಹೋಗಬಹುದು, ಇದು ಡೈವರ್ಜೆನ್ಸ್. ಅದರ ಜೊತೆಗೆ ಫ್ಲಟ್ಟರ್, ಅಂದ್ರೆ ಗಾಳಿಯಿಂದಲೇ ಶಕ್ತಿ ಪಡೆದು ತಾನಾಗೇ ಬೆಳೆಯೋ ಅದುರಾಟ, ಅದರ ಲೆಕ್ಕವನ್ನೂ ಮಾಡ್ಲೇಬೇಕು.

ಫ್ಲಟ್ಟರ್ ಅನ್ನೋದು ಬಾಲಕ್ಕೆ ಹಳೇ ಕಾಟ. 1916ರಲ್ಲಿ ಇಂಗ್ಲೆಂಡಿನ ಹ್ಯಾಂಡ್ಲಿ ಪೇಜ್ ಬಾಂಬರ್ ಬಾಲ ಭಯಂಕರವಾಗಿ ಅದುರ್ತಿತ್ತು, ಲ್ಯಾಂಚೆಸ್ಟರ್ ಅನ್ನೋ ಇಂಗ್ಲಿಷ್ ಇಂಜಿನಿಯರ್ ಪರೀಕ್ಷೆ ಮಾಡಿದಾಗ ಎಡ ಬಲದ ಎಲಿವೇಟರ್‌ಗಳು (ಮೂತಿಯನ್ನ ಮೇಲೆ ಕೆಳಗೆ ಮಾಡೋ, ಬಾಲದ ಆಡುವ ಹಲಗೆಗಳು) ಒಂದು ಮೇಲೆ ಹೋದ್ರೆ ಇನ್ನೊಂದು ಕೆಳಗೆ ಹೋಗ್ತಾ ವಿಮಾನದ ಒಡಲನ್ನೇ ತಿರುಚ್ತಿದ್ವು ಅಂತ ಗೊತ್ತಾಯ್ತು. ಎರಡನ್ನೂ ಬಿಗಿಯಾದ ಕೊಳವೆಯಿಂದ ಜೋಡಿಸೋದು ಅವರು ಹೇಳಿದ ಪರಿಹಾರ.

1984ರಲ್ಲಿ ಮೊದಲು ಹಾರಿದ ಅಮೆರಿಕದ ಪ್ರಯೋಗ ವಿಮಾನ ಎಕ್ಸ್-29ಗೆ ರೆಕ್ಕೆ ಮುಂದಕ್ಕೆ ವಾಲಿತ್ತು, ಹಾಗೆ ವಾಲಿದ್ರೆ ಬಾಗುವಾಗ ಕೋನ ಏರುತ್ತೆ, ಅಲ್ಲಿ ಅದು ಜಾಸ್ತಿಯಾಗದ ಹಾಗೆ ನಾರನ್ನ ಉಲ್ಟಾ ದಿಕ್ಕಿಗೆ ಓರೆ ಮಾಡಿದ್ರು. ನಮ್ಮ ತೇಜಸ್‌ನ ಕಾರ್ಬನ್ ಫೈಬರ್ ಫಿನ್ ರೂಪುಗೊಂಡಿದ್ದು ಬೆಂಗಳೂರಿನ ಎನ್ಎಎಲ್ (ನ್ಯಾಷನಲ್ ಏರೋಸ್ಪೇಸ್ ಲ್ಯಾಬೊರೇಟರೀಸ್) ಸಂಸ್ಥೆಯಲ್ಲಿ.

ನಿಮ್ಮ ಲ್ಯಾಬಲ್ಲಿ ಇದನ್ನ ಕಣ್ಣಾರೆ ನೋಡಬಹುದು. ಒಂದೇ ದಿಕ್ಕಿನ ನಾರಿರೋ ಗ್ಲಾಸ್ ಫೈಬರಲ್ಲಿ ಎರಡು ಪಟ್ಟಿ ಮಾಡಿ, ಒಂದಕ್ಕೆ ಎಲ್ಲಾ ಪದರ 0 ಡಿಗ್ರಿ (ನಾರು ಪಟ್ಟಿಯ ಉದ್ದಕ್ಕೇ), ಇನ್ನೊಂದಕ್ಕೆ ಎಲ್ಲಾ 30 ಡಿಗ್ರಿ ಒಂದೇ ಕಡೆಗೆ. ಒಂದು ತುದಿ ಬಿಗಿದು ಇನ್ನೊಂದು ತುದಿಯ ನಡುಮಧ್ಯಕ್ಕೆ ತೂಕ ಕಟ್ಟಿ. ಮೊದಲನೇದು ಬರೀ ಬಾಗುತ್ತೆ, ಎರಡನೇದು ಬಾಗ್ತಾನೇ ತಿರುಚುತ್ತೆ.