ಬೆಳಿಗ್ಗೆ ರೀಜೆನ್ ಹಿಡಿಯದಿದ್ದರೆ

ನಿಮ್ಮ ಎಲೆಕ್ಟ್ರಿಕ್ ಕಾರಿನಲ್ಲಿ ಬೆಳಿಗ್ಗೆ ರೀಜೆನ್ (ಆಕ್ಸಿಲರೇಟರ್‌ನಿಂದ ಕಾಲು ತೆಗೆದಾಗ ಕಾರನ್ನು ನಿಧಾನಿಸಿ ಕರೆಂಟನ್ನು ಬ್ಯಾಟರಿಗೆ ವಾಪಸ್ ಕಳಿಸುವ ವ್ಯವಸ್ಥೆ) ಎಲ್ಲಕ್ಕಿಂತ ಜೋರಾದ ಲೆವೆಲ್ 3ರಲ್ಲಿ ಇಟ್ಟರೂ ಹಿಡಿಯುವುದಿಲ್ಲ, ಸಂಜೆ ಸರಿ ಇರುತ್ತದೆ ಅಂದಿರಲ್ಲ, ಅದು ಹೆಚ್ಚಾಗಿ ರಾತ್ರಿ 100% ಚಾರ್ಜ್ ಮಾಡಿದ್ದರಿಂದ. ತುಂಬಿದ ಬ್ಯಾಟರಿಯಲ್ಲಿ ವಾಪಸ್ ಬರುವ ಕರೆಂಟಿಗೆ ಜಾಗವೇ ಇರುವುದಿಲ್ಲ. ಚಳಿಗೂ ಹೀಗಾಗುತ್ತದೆ, ಆದರೆ ಬೆಳಗಾವಿಯ ಚಳಿಗೆ ಅಷ್ಟೊಂದು ಆಗಲಿಕ್ಕಿಲ್ಲ ಅನಿಸುತ್ತದೆ.

ಮೊದಲು ಎರಡು ದಿನ ಚಾರ್ಜ್ 80% ಆದಾಗಲೇ ಪ್ಲಗ್ ತೆಗೆದು ಓಡಿಸಿ ನೋಡಿ. ಆಗಲೂ ಹಿಡಿಯದಿದ್ದರೆ ಸರ್ವಿಸ್‌ನವರಿಗೆ ತೋರಿಸಿ.

ಎಲ್ಲಿ ಯಾವ ಲೆವೆಲ್ ಇಡಬೇಕು ಅಂತ ಕೇಳಿದರೆ, ಖಡೇಬಜಾರ್ ಗದ್ದಲದಲ್ಲಿ 3 ಇರಲಿ, ಧಾರವಾಡದ ಹೈವೇಯಲ್ಲಿ 0 ಅಥವಾ 1 ಇಟ್ಟು ಕಾರನ್ನು ಸುಮ್ನೆ ಉರುಳಲು ಬಿಡಿ. ಚೋರ್ಲಾ ಘಾಟ್ ಇಳಿಯುವಾಗ 2ರಿಂದ ಶುರು ಮಾಡಿ, ಹಿಂದೆ ಕೂತವರಿಗೆ ವಾಂತಿ ಬರದಿದ್ದರೆ 3 ಮಾಡಿ (ನಮ್ಮ ಮನೆಯಲ್ಲಿ 3ಕ್ಕೆ ಇನ್ನೂ ಒಪ್ಪಿಗೆ ಸಿಕ್ಕಿಲ್ಲ). ಮಳೆಯಲ್ಲಿ ರಸ್ತೆ ಜಾರುತ್ತಿದ್ದರೆ 1 ಸಾಕು.