ಕ್ವಾಂಡರಿ ಅಂದ್ರೆ ಡೈಲೆಮಾನೇನಾ?

ನೀವು ಕೇಳಿರೋದು ಇಂಗ್ಲಿಷಿನ ಕ್ವಾಂಡರಿ (quandary) ಅಂದ್ರೆ ಏನು, ಡೈಲೆಮಾಗೂ (dilemma) ಅದಕ್ಕೂ ಏನು ವ್ಯತ್ಯಾಸ, ದಿನನಿತ್ಯ ಹೇಗೆ ಬಳಸೋದು ಅಂತ. ಡಿಕ್ಷನರಿ ತೆಗೆದ್ರೆ ಎರಡಕ್ಕೂ ಸಂದಿಗ್ಧ, ಇಕ್ಕಟ್ಟು, ಪೇಚು ಅಂತಾನೇ ಇರುತ್ತೆ, ಅದಕ್ಕೇ ಕನ್‌ಫ್ಯೂಸ್ ಆಗೋದು. ನಾನು ಅರ್ಥ ಮಾಡ್ಕೊಂಡಿರೋದು ಹೀಗೆ: ಡೈಲೆಮಾ ಅನ್ನೋದು ಎದುರಿಗೆ ಬಂದು ನಿಂತಿರೋ ಪರಿಸ್ಥಿತಿ, ಕ್ವಾಂಡರಿ ಅನ್ನೋದು ಅದರಲ್ಲಿ ಸಿಕ್ಕಾಕ್ಕೊಂಡವರ ಮನಸ್ಸಿನ ಹೊಯ್ದಾಟ.

ನಮ್ಮನೆದೇ ಹೇಳ್ತೀನಿ. ಸಾಗರದ ಕಡೆ ನಮಗೆ ಸ್ವಲ್ಪ ಅಡಿಕೆ ತೋಟ ಇದೆ. ಒಂದು ವರ್ಷ ಕೊಯ್ಲು ಮುಗಿದು, ಬೇಯ್ಸಿ ಒಣಗಿಸಿ ಚೀಲ ಕಟ್ಟಿ ಅಟ್ಟಕ್ಕೆ ಹಾಕಿಯಾಗಿತ್ತು, ಮಾರ್ಚ್ ಒಳಗೆ ಸೊಸೈಟಿ ಸಾಲ ಕಟ್ಟಬೇಕು, ನೋಡಿದ್ರೆ ರೇಟು ದಿನಾ ಇಳೀತಾ ಇದೆ. ಈಗ್ಲೇ ಮಾರಿದ್ರೆ ನಷ್ಟ, ಇಟ್ಕೊಂಡ್ರೆ ಬಡ್ಡಿ. ಇದು ಡೈಲೆಮಾ. ಅಪ್ಪ ಬೆಳಿಗ್ಗೆ ಎದ್ದು ಮಂಡಿ ರೇಟು ಕೇಳ್ಕೊಂಡು ಜಗಲಿ ಮೇಲೆ ಕೂತ್ರೆ, ಎಲೆಗೆ ಸುಣ್ಣ ಹಚ್ಚಿ ಹಂಗೇ ಕೈಯಲ್ಲಿ ಹಿಡ್ಕೊಂಡು ಬಾಯಿಗೆ ಹಾಕ್ಕೊಳ್ಳೋದೇ ಮರೆತುಬಿಡೋರು, ಅಮ್ಮ ಎರಡೆರಡು ಸಲ ತಿಂಡಿಗೆ ಕರೆದ್ರೂ ಕಿವಿಗೆ ಬೀಳ್ತಿರಲಿಲ್ಲ. ಅದು ಕ್ವಾಂಡರಿ. ಅವರನ್ನ ಹಾಗೆ ನೋಡೋಕೆ ನನಗೆ ತುಂಬಾ ಸಂಕಟ ಆಗ್ತಿತ್ತು. ಕೊನೆಗೆ ಅರ್ಧ ಮಾರಿ ಸಾಲಕ್ಕೆ ಕಟ್ಟಿದ್ರು.

ಇಂಗ್ಲಿಷಲ್ಲಿ ಹೇಳೋವಾಗ ಜಾಸ್ತಿ ಬರೋದು 'ಇನ್ ಎ ಕ್ವಾಂಡರಿ' ಅಂತ, ಅದನ್ನ ಇಡಿಯಾಗಿ ನೆನಪಿಟ್ಕೊಳ್ಳಿ. 'ಐ ಆಮ್ ಇನ್ ಎ ಕ್ವಾಂಡರಿ ಅಬೌಟ್ ದಿಸ್ ಜಾಬ್' ಅಂದ್ರೆ ಈ ಕೆಲಸದ ವಿಷ್ಯದಲ್ಲಿ ಏನು ಮಾಡೋದೋ ತೋಚ್ತಿಲ್ಲ ಅಂತ. ಒತ್ತು ಮೊದಲ ಅಕ್ಷರಕ್ಕೆ, ಮಾತಾಡೋವಾಗ ಬೇಗ ಹೇಳಿ ಕ್ವಾಂಡ್ರಿ ಅಂತಾನೇ ಕೇಳ್ಸುತ್ತೆ. ಪದ 16ನೇ ಶತಮಾನದಿಂದ್ಲೂ ಇದೆ, ಆದ್ರೆ ಎಲ್ಲಿಂದ ಹುಟ್ಟಿತು ಅನ್ನೋದು ಭಾಷಾ ಪಂಡಿತರಲ್ಲೇ ಇತ್ಯರ್ಥ ಆಗಿಲ್ಲ. ಡೈಲೆಮಾ ಮಾತ್ರ ಗ್ರೀಕ್‌ನದ್ದು, 'ಡಿ' ಅಂದ್ರೆ ಎರಡು, ಅದಕ್ಕೇ ಕಟ್ಟುನಿಟ್ಟಾಗಿ ನೋಡಿದ್ರೆ ಎರಡು ದಾರಿ ಇದ್ದು ಎರಡೂ ಕಷ್ಟ ಇರೋ ಕಡೆ ಮಾತ್ರ ಅದು ಸರಿ ಹೊಂದೋದು, ನಮ್ಮ ಅತ್ತ ದರಿ ಇತ್ತ ಪುಲಿ ಇದ್ದ ಹಾಗೆ. ಕ್ವಾಂಡರಿಗೆ ಆ ಲೆಕ್ಕ ಇಲ್ಲ, ಎದುರಿಗೆ ಐದು ದಾರಿ ಇದ್ರೂ, ಒಂದೂ ಕಾಣದೇ ಇದ್ರೂ ನೀವು ಕ್ವಾಂಡರಿಯಲ್ಲಿ ಇರಬಹುದು.

ಕನ್ನಡದಲ್ಲಿ ಬರೆಯೋವಾಗ ನಾನು ಡೈಲೆಮಾಗೆ ಉಭಯಸಂಕಟ ಅಂತೀನಿ, ಕರ್ತವ್ಯದ ಪ್ರಶ್ನೆ ಇದ್ರೆ ಧರ್ಮಸಂಕಟ. ಕ್ವಾಂಡರಿಗೆ 'ದಿಕ್ಕೇ ತೋಚ್ತಿಲ್ಲ' ಅನ್ನೋದಕ್ಕಿಂತ ಒಳ್ಳೆ ಕನ್ನಡ ನನಗೆ ಸಿಕ್ಕಿಲ್ಲ.